ಹುಣಸೆ ಸಿಪ್ಪೆಗೂ ಒಂದು ದರ ಬರಲಿ

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವ ಹೊತ್ತಿಗೆ ಪಾವಗಡ, ಮಧುಗಿರಿ, ಶಿರಾ ಕಡೆಯ ಊರುಗಳಲ್ಲಿ ಯಾವ ಜಗುಲಿ ನೋಡಿದರೂ ಹುಣಸೆಹಣ್ಣಿನ ರಾಶಿ. ಗಂಡಸರು ಮರ ಬಡಿದು ತಂದು ಸುರಿಯುತ್ತಾರೆ. ಹೆಂಗಸರು ಸಾಲಾಗಿ ಕೂತು ಓಡು ಬಿಡಿಸಿ, ನಾರು ಎಳೆದು, ಕುಟ್ಟಿ ಬೀಜ ತೆಗೆಯುತ್ತಾರೆ. ಹಣ್ಣಿಗೆ ಒಂದು ದರ, ಬೀಜಕ್ಕೆ ಇನ್ನೊಂದು ದರ. ಬೀಜ ಗಿರಣಿ ಸೇರುತ್ತದೆ. ಅಲ್ಲಿ ಅದನ್ನು ಹುರಿದು, ಮೇಲಿನ ಕಂದು ಸಿಪ್ಪೆ ಕಳಚಿ, ಒಳಗಿನ ಬಿಳಿ ಬೇಳೆಯನ್ನು ಹಿಟ್ಟು ಮಾಡುತ್ತಾರೆ. ದರವಿಲ್ಲದೆ ಉಳಿಯುವುದು ಆ ಸಿಪ್ಪೆಯೊಂದೇ. ಬೀಜದ ತೂಕದಲ್ಲಿ ಕಾಲು ಭಾಗದ ಆಸುಪಾಸು ಇರುವ ಅದು ಗಿರಣಿಯ ಹಿತ್ತಲಲ್ಲಿ ಬಿದ್ದು ಮಳೆಗೆ ನೆನೆಯುತ್ತದೆ, ಇಲ್ಲವೆ ಒಲೆಗೆ ಹೋಗುತ್ತದೆ.

ಕೈಮಗ್ಗದ ನೇಕಾರರಿಗೆ ನೂಲಿಗೆ ಬಣ್ಣ ಹಾಕಿಕೊಡುವುದು ನನ್ನ ಕಸುಬು. ಅಳಲೆಕಾಯಿ, ಮಂಜಿಷ್ಠ, ನೀಲಿ, ದಾಳಿಂಬೆ ಸಿಪ್ಪೆ ಇವುಗಳ ಜೊತೆಗೆ ಹುಣಸೆ ಬೀಜದ ಸಿಪ್ಪೆಯೂ ನಮ್ಮ ಬಣ್ಣದ ಮನೆಯಲ್ಲಿ ಚೀಲಗಟ್ಟಲೆ ಇರುತ್ತದೆ. ಅದರಲ್ಲಿ ಏನಿದೆ ಎಂದು ಕೈಯಾರೆ ಕಂಡವಳಾಗಿ ಈ ಮಾತು ಬರೆಯುತ್ತಿದ್ದೇನೆ. ಹುಣಸೆ ಸಿಪ್ಪೆಗೆ ಮಾರುಕಟ್ಟೆಯಲ್ಲಿ ಒಂದು ಹೆಸರು, ಒಂದು ದರ್ಜೆ, ಒಂದು ದರ ಸಿಗಬೇಕು. ಸಿಗದೆ ಇರುವುದರಿಂದ ಬೆಲೆಬಾಳುವ ಬಣ್ಣವೊಂದು ವರ್ಷವರ್ಷವೂ ಬೂದಿಯಾಗುತ್ತಿದೆ.

ಚೌಕಾಬಾರ ಆಡಲು ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಂಡವರಿಗೆಲ್ಲ ಆ ಸಿಪ್ಪೆ ಎಷ್ಟು ಗಟ್ಟಿ ಎಂಬುದು ಗೊತ್ತು. ಉಜ್ಜುವಾಗ ಬೆರಳಿಗೆ ಹತ್ತುವ ಕಂದು ಪುಡಿಯನ್ನು ನಾಲಿಗೆಗೆ ಮುಟ್ಟಿಸಿದರೆ ಬಾಯೆಲ್ಲ ಒಗರು. ಆ ಒಗರೇ ಟ್ಯಾನಿನ್. ಹುಳ, ಬೂಸು ಒಳಗಿನ ಬೇಳೆಗೆ ತಗಲದಂತೆ ಮರ ತನ್ನ ಬೀಜಕ್ಕೆ ಹೊದಿಸಿದ ರಕ್ಷೆ ಅದು. ಹತ್ತಿ ನೂಲಿಗೆ ಬಣ್ಣ ಹಿಡಿಸುವವರು ಊರೂರು ಅಲೆದು ಹುಡುಕುವುದೂ ಅದನ್ನೇ. ರೇಷ್ಮೆ, ಉಣ್ಣೆಯಂತೆ ಹತ್ತಿ ಸುಲಭವಾಗಿ ಬಣ್ಣ ಕುಡಿಯುವುದಿಲ್ಲ. ಮೊದಲು ಒಗರು ಕುಡಿಸಬೇಕು, ಆ ಒಗರು ಪಟಿಕವನ್ನು ಹಿಡಿದುಕೊಳ್ಳಬೇಕು, ಪಟಿಕ ಬಣ್ಣವನ್ನು ಹಿಡಿದುಕೊಳ್ಳಬೇಕು. ನಮ್ಮ ದೇಶದ ಬಣ್ಣಗಾರರು ಈ ಕೆಲಸಕ್ಕೆ ತಲೆತಲಾಂತರದಿಂದ ಅಳಲೆಕಾಯಿ ಬಳಸಿದ್ದಾರೆ. ಅಳಲೆ ಕೊಡುವ ತಳ ಹಳದಿ ಛಾಯೆಯದು, ಹುಣಸೆ ಸಿಪ್ಪೆಯ ತಳ ಕೆಂಪು ಛಾಯೆಯದು. ಅದರ ಮೇಲೆ ಮಂಜಿಷ್ಠ ಹಾಕಿದರೆ ಬರುವ ಕೆಂಪಿಗೆ ಇರುವ ಗಾಂಭೀರ್ಯವನ್ನು ಅಳಲೆಯ ಮೇಲೆ ನಾನು ಕಂಡಿಲ್ಲ.

ಕೆಲಸ ಹೀಗೆ ನಡೆಯುತ್ತದೆ. ಸಿಪ್ಪೆಯನ್ನು ಕೇರಿ ಮರಳು, ಕಲ್ಲು ತೆಗೆದು ರಾತ್ರಿ ನೆನೆಹಾಕುತ್ತೇವೆ. ಬೆಳಿಗ್ಗೆ ಸ್ಟೀಲಿನ ಹಂಡೆಯಲ್ಲಿ ಸಣ್ಣ ಉರಿಯ ಮೇಲೆ ಕುದಿಸುತ್ತೇವೆ. ಹಂಡೆ ಕಬ್ಬಿಣದ್ದಾಗಬಾರದು. ಒಗರಿಗೆ ಕಬ್ಬಿಣ ತಾಗಿದರೆ ರಸವೆಲ್ಲ ಕಪ್ಪಿಡುತ್ತದೆ. ಕುದಿದ ಮೇಲೆ ಹಳೆ ಪಂಚೆಯಲ್ಲಿ ಸೋಸಿದರೆ ಗಟ್ಟಿ ಕಾಫಿ ಡಿಕಾಕ್ಷನ್ನಿನಂಥ ರಸ ಸಿಗುತ್ತದೆ. ಸೋಡಾ ನೀರಿನಲ್ಲಿ ಬೇಯಿಸಿ ಜಿಡ್ಡು ತೆಗೆದ ನೂಲಿನ ಲಡಿಗಳನ್ನು ಕೋಲಿಗೆ ಪೋಣಿಸಿ ಆ ರಸದಲ್ಲಿ ಇಳಿಬಿಟ್ಟು ತಿರುವುತ್ತಾ ಇರಬೇಕು. ಕೈ ಬಿಟ್ಟರೆ ಒಂದು ಕಡೆ ಗಾಢ, ಒಂದು ಕಡೆ ಪೇಲವ ಆಗಿ ನೇಕಾರರು ಲಡಿಯನ್ನು ವಾಪಸ್ ಎಸೆಯುತ್ತಾರೆ. ಬಳಿಕ ಅರ್ಧ ಲಡಿಗಳನ್ನು ಪಟಿಕದ ನೀರಿಗೆ ಹಾಕಿದರೆ ಮೆಲ್ಲಗೆ ಕೆಂಗಂದು ಮೂಡುತ್ತದೆ. ಉಳಿದರ್ಧವನ್ನು ಅನ್ನಭೇದಿ ಕದಡಿದ ನೀರಿಗೆ ಇಳಿಸಿದರೆ ಕಣ್ಣೆದುರೇ ಬೂದು, ಮತ್ತೆ ಮತ್ತೆ ಅದ್ದಿದರೆ ಕಪ್ಪು. ಒಂದೇ ಹಂಡೆಯ ರಸ, ಮೈದಾನದ ಮಣ್ಣಿನ ಬಣ್ಣವೂ ಅದರಲ್ಲೇ, ಮೋಡದ ಬಣ್ಣವೂ ಅದರಲ್ಲೇ. ಅನ್ನಭೇದಿ ಅತಿಯಾದರೆ ಹತ್ತಿಯ ಎಳೆ ಸವೆದು ತುಂಡಾಗುತ್ತದೆ, ಆದ್ದರಿಂದ ಕೈ ಹಿಡಿತದಲ್ಲಿರಬೇಕು. ಈ ಹದ ನಮ್ಮಲ್ಲಿ ಕೆಲಸ ಮಾಡುವ ಅಕ್ಕಂದಿರಿಗೆ ತಕ್ಕಡಿಯಿಲ್ಲದೆಯೂ ಗೊತ್ತು.

ಚೀಲ ಹಿಡಿದು ಮೊದಲ ಸಲ ಗಿರಣಿಗೆ ಹೋದಾಗ ಅಲ್ಲಿನ ಯಜಮಾನರು ಕೇಳಿದ್ದರು: “ಏನಮ್ಮ, ಈ ಸಿಪ್ಪೆ ತಗೊಂಡೋಗಿ ಏನ್ ಮಾಡ್ತೀರ? ದನಾನೂ ಮೂಸಲ್ಲ ಇದನ್ನ.” ಮುಂದಿನ ಬಾರಿ ಕೆಂಗಂದು ಲಡಿಯೊಂದನ್ನು ಅವರ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು, ಮೂಗಿಗೂ ಹಿಡಿದರು. “ಚೆನ್ನಾಗೈತೆ. ಆದ್ರೆ ನೀವೊಬ್ರು ಕೊಳ್ಳೋ ನಾಲ್ಕು ಚೀಲಕ್ಕೆ ನಾನು ಬೇರೆ ಆಳು ಇಡೋಕಾಗಲ್ಲಮ್ಮ” ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಗಿರಣಿಯವರಿಗೆ ಸಿಪ್ಪೆಯಿಂದ ಸೌದೆಯ ಖರ್ಚು ಉಳಿಯುತ್ತದೆ. ಅದನ್ನು ಬೇರೆ ತೆಗೆದಿಡಲು ಜಾಗ ಬೇಕು, ತಾಡಪಾಲು ಬೇಕು, ಜನ ಬೇಕು. ಕೊಳ್ಳುವವರು ಯಾರು ಎಂದು ಗೊತ್ತಿಲ್ಲದ ಸರಕಿಗೆ ಯಾರೂ ಇಷ್ಟು ಮಾಡುವುದಿಲ್ಲ.

ಬಣ್ಣ ಉಳಿಯುವುದೂ ಹಾಳಾಗುವುದೂ ಗಿರಣಿಯ ಅಂಗಳದಲ್ಲಿ. ಬೀಜವನ್ನು ಮಿತಿಮೀರಿ ಹುರಿದರೆ ಸಿಪ್ಪೆ ಸೀದು ಇದ್ದಿಲಿನ ಪುಡಿಯಷ್ಟೇ ಉಳಿಯುತ್ತದೆ, ಒಗರು ಸತ್ತುಹೋಗುತ್ತದೆ. ಹದವಾಗಿ ಹುರಿದದ್ದನ್ನೂ ಬಯಲಲ್ಲಿ ಸುರಿದರೆ ಮಣ್ಣು ಸೇರುತ್ತದೆ. ಮಳೆ ಬಂದರಂತೂ ಮುಗಿಯಿತು. ಮುಂಗಾರಿನ ಮೊದಲ ಮಳೆಗೆ ಗಿರಣಿಯ ಹಿತ್ತಲಿನಿಂದ ಚರಂಡಿಗೆ ಇಳಿಯುವ ಕೆಂಪು ನೀರನ್ನು ಕಂಡಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ನಾನು ಹಂಡೆಯಲ್ಲಿ ಸೌದೆ ಸುಟ್ಟು ತೆಗೆಯುವ ಬಣ್ಣವೇ ಅದು. ನೀರಲ್ಲಿ ಕರಗುವುದು ಅದರ ಗುಣ, ಮಳೆ ಬಿಟ್ಟಿಯಾಗಿ ತೊಳೆದುಕೊಂಡು ಹೋಗುತ್ತದೆ. ಚರಂಡಿಯಿಂದ ಕೆರೆ ಸೇರಿದರೆ ಅಲ್ಲಿನ ನೀರಿಗೂ ಒಳ್ಳೆಯದಲ್ಲ.

ಹೀಗೆ ಎಸೆದಿದ್ದ ವಸ್ತುವೊಂದು ಸರಕಾದ ಕಥೆ ಇದೇ ಬೀಜದಲ್ಲಿ ಇನ್ನೊಂದಿದೆ. ಒಳಗಿನ ಬೇಳೆಗೂ ಒಂದು ಕಾಲದಲ್ಲಿ ಹೇಳಿಕೊಳ್ಳುವಂಥ ಬೆಲೆ ಇರಲಿಲ್ಲ. 1942ರಲ್ಲಿ ಟಿ.ಪಿ. ಘೋಷ್ ಮತ್ತು ಎಸ್. ಕೃಷ್ಣ ಎಂಬ ಭಾರತೀಯ ವಿಜ್ಞಾನಿಗಳಿಬ್ಬರು ಸಿಪ್ಪೆ ತೆಗೆದ ಹುಣಸೆ ಬೇಳೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅಂಟುಗಟ್ಟುವ ಪದಾರ್ಥವಿದೆ ಎಂದು ಪ್ರಕಟಿಸಿದರು. ಅಲ್ಲಿಂದ ಮುಂದೆ ಸೆಣಬು ಮತ್ತು ಹತ್ತಿ ಗಿರಣಿಗಳು ನೂಲಿಗೆ ಗಂಜಿ ಹಾಕಲು ಹುಣಸೆ ಹಿಟ್ಟನ್ನು ಬಳಸತೊಡಗಿದವು. ಬಟ್ಟೆ ಅಚ್ಚಿನವರು ಬಣ್ಣ ಮಂದವಾಗಿಸಲು ಕೊಂಡರು. ಇಂದು ಅದರಿಂದ ತೆಗೆದ ಅಂಟು ಐಸ್‌ಕ್ರೀಮಿಗೂ ಔಷಧಿಗೂ ಹೋಗುತ್ತದೆ. ಒಂದು ಸಂಶೋಧನೆ, ಅದರ ಹಿಂದೆ ಕೊಳ್ಳುವ ಒಂದು ಕೈಗಾರಿಕೆ, ಆಗ ಹುಣಸೆ ಬೀಜ ತೂಕಕ್ಕೆ ಹತ್ತಿತು. ಸಿಪ್ಪೆಯ ವಿಷಯದಲ್ಲಿ ಸಂಶೋಧನೆ ಬೇಕಾದಷ್ಟು ಆಗಿದೆ. ಹತ್ತಿಗೆ ಒಗರು ಕುಡಿಸಲು ಅದು ಒದಗುತ್ತದೆಂದು ಜವಳಿ ಪ್ರಯೋಗಾಲಯಗಳು ಪರೀಕ್ಷಿಸಿ ಬರೆದಿವೆ. ಕೊರತೆ ಇರುವುದು ಕೊಳ್ಳುವ ಕೈಗಳದು.

ಮಲೆನಾಡಿನವರನ್ನು ನೋಡಿ. ಹಸಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರನ್ನು ಯಾವ ಬೆಳೆಗಾರರೂ ಚರಂಡಿಗೆ ಚೆಲ್ಲುವುದಿಲ್ಲ. ಡ್ರಮ್ಮಿನಲ್ಲಿ ತುಂಬಿಡುತ್ತಾರೆ, ಅಡಿಕೆಗೆ ಬಣ್ಣ ಕೊಡಲು ಮತ್ತೆ ಬಳಸುತ್ತಾರೆ, ಹೆಚ್ಚಾದದ್ದನ್ನು ಮಾರುತ್ತಾರೆ. ಹೆಗ್ಗೋಡಿನ ಚರಕ ಸಂಸ್ಥೆ ಅದೇ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕಿ, ಆ ಬಟ್ಟೆಯನ್ನು ಪೇಟೆಯವರು ಬಯಸಿ ಕೊಳ್ಳುವಂತೆ ಮಾಡಿತು. ಚೊಗರಿಗೆ ಒಂದು ದರವಿದೆ, ಆದ್ದರಿಂದ ಅದಕ್ಕೊಂದು ಪಾತ್ರೆಯಿದೆ, ಮುಚ್ಚಳವಿದೆ. ನಮ್ಮ ಬಯಲುಸೀಮೆಯ ಹುಣಸೆ ಸಿಪ್ಪೆಗೂ ಅದಕ್ಕೂ ಗುಣದಲ್ಲಿ ದೂರವೇನಿಲ್ಲ, ಎರಡೂ ಒಗರಿನ ಬಳಗ.

ಸಿಪ್ಪೆಯ ಬಣ್ಣ ಹುಣಸೆಯೊಂದಕ್ಕೇ ಸೀಮಿತವಲ್ಲ. ಮಂಗಳೂರು ಕಡೆಯ ಗೇರುಬೀಜದ ಕಾರ್ಖಾನೆಗಳಲ್ಲಿ ಬೀಳುವ ತೆಳು ಕೆಂಪು ಸಿಪ್ಪೆ, ಚಳ್ಳಕೆರೆಯ ಕಡಲೆಕಾಯಿ ಬೀಜದ ಕೆಂಪು ಹೊಟ್ಟು, ಕೋಕೋ ಬೀಜ ಹುರಿದಾಗ ಬಿಡುವ ಸಿಪ್ಪೆ, ರಾಗಿಯ ಮೇಲ್ಪದರ ಎಲ್ಲದರಲ್ಲೂ ಇಂಥ ವರ್ಣದ್ರವ್ಯಗಳಿವೆ. ಮೈಸೂರಿನ ಸಿಎಫ್‌ಟಿಆರ್‌ಐ ರಾಗಿಯ ಸಿಪ್ಪೆ ತೆಗೆಯುವ ವಿಧಾನ ರೂಪಿಸಿದ್ದಲ್ಲದೆ ಆ ಸಿಪ್ಪೆಯಲ್ಲಿರುವ ಪದಾರ್ಥಗಳನ್ನೂ, ಉದ್ದಿನ ಕರಿಹೊಟ್ಟಿನ ಗುಣಗಳನ್ನೂ ಅಧ್ಯಯನ ಮಾಡಿದೆ. ಅಮೆರಿಕದ ಅರಿಜೋನಾದ ಹೋಪಿ ಜನ ಕಡುನೇರಳೆ ಸಿಪ್ಪೆಯ ಸೂರ್ಯಕಾಂತಿಯನ್ನು ಬುಟ್ಟಿ, ನೂಲಿನ ಬಣ್ಣಕ್ಕೆಂದೇ ಬೆಳೆಸಿಕೊಂಡು ಬಂದವರು. ಆದರೆ ತೊಗರಿ, ಉದ್ದು, ಕಡಲೆಯ ಹೊಟ್ಟಿಗೆ ಕೈ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಕಲಬುರಗಿಯ ದಾಲ್ ಮಿಲ್ಲಿನ ಹೊಟ್ಟು ದನದ ಬಾಯಿಗೆ ಹೋಗುತ್ತದೆ, ಅಲ್ಲಿಗೇ ಹೋಗಲಿ. ಬಣ್ಣದ ಹೆಸರಲ್ಲಿ ಹಸುವಿನ ಮೇವಿಗೆ ಬೆಲೆ ಏರಿಸಿದರೆ ಹೈನಿನ ಮೇಲೆ ಬದುಕುವ ಹೆಣ್ಣುಮಕ್ಕಳಿಗೇ ಹೊಡೆತ. ದನ ಮೂಸದ ಸಿಪ್ಪೆಯಿಂದಲೇ ಶುರುಮಾಡೋಣ ಎನ್ನುವುದು ಅದಕ್ಕೇ.

ಇನ್ನು ತಿನ್ನುವ ಬಣ್ಣದ ಮಾತು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಗೋಬಿಯ 171 ಮಾದರಿ ಪರೀಕ್ಷಿಸಿದ್ದರಲ್ಲಿ 107 ಅಸುರಕ್ಷಿತ ಎಂದು ಕಂಡಿತ್ತು. ಮಿಠಾಯಿಯಲ್ಲಿ ರೋಡಮೈನ್-ಬಿ ಸಿಕ್ಕಿತು, ಅದು ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ನಿಷೇಧ ಬಂತು. ಮಕ್ಕಳು ತಿನ್ನುವ ಮಿಠಾಯಿಗೆ ಬಟ್ಟೆಯ ಬಣ್ಣ ಬೆರೆಸಿದ್ದನ್ನು ಓದಿದ ದಿನ, ಬಣ್ಣದ ಕೆಲಸದವಳಾಗಿ ನನಗೆ ಬಹಳ ಸಂಕಟವಾಯಿತು. ನಿಷೇಧ ಸರಿಯಾದದ್ದೇ. ಆದರೆ ಬಿಸ್ಕತ್ತು, ಸಾಸ್, ಮಿಠಾಯಿ ಮಾಡುವವರು ಬಣ್ಣವನ್ನೇ ಬಿಟ್ಟುಬಿಡುತ್ತಾರೆಯೇ? ಬಿಡುವುದಿಲ್ಲ. ಅವರ ಮುಂದೆ ಬೇರೆ ಬಣ್ಣ ಇಡಬೇಕು. ನಮ್ಮ ದೇಶದ ಅನುಮತಿಯ ಪಟ್ಟಿಯಲ್ಲಿ ಅರಿಶಿನ, ಕೇಸರಿ, ರಂಗಮಾಲೆ, ಕ್ಯಾರಮೆಲ್, ಕ್ಲೋರೋಫಿಲ್‌ನಂಥವು ಇವೆ. ಹುಣಸೆ ಸಿಪ್ಪೆಗೆ ಅಲ್ಲಿ ಜಾಗವಿಲ್ಲ. ಜಪಾನಿನ ಆಹಾರ ಸೇರ್ಪಡೆಗಳ ಪಟ್ಟಿಯಲ್ಲಾದರೋ ಹುಣಸೆ ಬೀಜದಿಂದ ತೆಗೆದ ಬಣ್ಣ ಇದೆ, ಕೋಕೋದ ಬಣ್ಣ ಇದೆ, ಜೋಳದ ಕಾಳಿನ ಬಣ್ಣವೂ ಇದೆ. ಹುಣಸೆ ಜಪಾನಿನ ಬೆಳೆಯಲ್ಲ. ನಲ್ಲೂರಿನ ಹುಣಸೆ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿಕೊಂಡ ನಾಡು ನಮ್ಮದು. ಮರ ನಮ್ಮಲ್ಲಿ, ಬೀಜ ನಮ್ಮಲ್ಲಿ, ಸಿಪ್ಪೆಯ ಬಣ್ಣವನ್ನು ಪಟ್ಟಿಗೆ ಸೇರಿಸಿಕೊಂಡವರು ಅವರು.

ಹಾಗೆಂದು ನಾಳೆಯೇ ಗೋಬಿಗೆ ಹುಣಸೆ ಸಿಪ್ಪೆಯ ರಸ ಸುರಿಯಿರಿ ಎಂದು ನಾನು ಹೇಳುತ್ತಿಲ್ಲ, ಯಾರೂ ಹಾಗೆ ಮಾಡಕೂಡದು. ಗಿಡದಿಂದ ಬಂತು ಎಂದ ಮಾತ್ರಕ್ಕೆ ಯಾವುದೂ ನಿರಪಾಯವಾಗುವುದಿಲ್ಲ. ಒಗರು ಹೆಚ್ಚಾದರೆ ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ, ರಕ್ತಹೀನತೆ ಇಷ್ಟು ವ್ಯಾಪಕವಾಗಿರುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಎಷ್ಟು ಪ್ರಮಾಣ ಸುರಕ್ಷಿತ, ಹುರಿಯುವಾಗ ಬೇಡದ್ದೇನಾದರೂ ಹುಟ್ಟುತ್ತದೆಯೇ, ಸಿಪ್ಪೆಯಲ್ಲಿ ಬೂಸಿನ ವಿಷ ಸೇರಿರಬಹುದೇ ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ನಮ್ಮದೇ ಸಿಪ್ಪೆಯ ಮೇಲೆ ಪರೀಕ್ಷೆ ಮಾಡಿಸಲಿ. ಸರಿಬಂದರೆ ಪಟ್ಟಿಗೆ ಸೇರಿಸಲಿ, ಬಾರದಿದ್ದರೆ ಬೇಡ. ನಾನು ಕೇಳುತ್ತಿರುವುದು ಪರೀಕ್ಷೆಯನ್ನು. ಅಲ್ಲಿಯವರೆಗೆ ಬಟ್ಟೆಯ ದಾರಿ ತೆರೆದೇ ಇದೆ.

ಬಟ್ಟೆಯಲ್ಲೂ ಈ ಬಣ್ಣಕ್ಕೆ ಮಿತಿಯುಂಟು. ಗಿಣಿಹಸಿರು, ರಾಣಿ ಗುಲಾಬಿ ಇದರಿಂದ ಹುಟ್ಟುವುದಿಲ್ಲ. ಈ ವರ್ಷದ ಸಿಪ್ಪೆಯ ಕಂದಿಗೂ ಹೋದ ವರ್ಷದ್ದಕ್ಕೂ ತುಸು ವ್ಯತ್ಯಾಸ ಬರುತ್ತದೆ. ಸಾವಿರ ಮೀಟರ್ ಒಂದೇ ಛಾಯೆಯಲ್ಲಿ ಬೇಕೆನ್ನುವ ದೊಡ್ಡ ಕಾರ್ಖಾನೆಗೆ ಇದು ಒಗ್ಗದು. ರಾಸಾಯನಿಕ ಬಣ್ಣಗಳೆಲ್ಲ ವಿಷ ಎಂಬ ಘೋಷಣೆಯನ್ನೂ ನಾನು ಕೂಗುವವಳಲ್ಲ. ಅಪಾಯಕಾರಿ ಅಜೋ ಬಣ್ಣಗಳನ್ನು ಜರ್ಮನಿ 1994ರಲ್ಲಿ, ನಮ್ಮ ದೇಶ 1997ರಲ್ಲಿ ನಿಷೇಧಿಸಿದ ಮೇಲೆ ಆ ಉದ್ಯಮವೂ ಸುಧಾರಿಸಿದೆ. ಆದರೆ ತಿರುಪ್ಪೂರಿನ ಬಣ್ಣದ ಘಟಕಗಳು ನೊಯ್ಯಲ್ ನದಿಯನ್ನು ಯಾವ ಸ್ಥಿತಿಗೆ ತಂದವೆಂದರೆ 2011ರಲ್ಲಿ ಮದ್ರಾಸ್ ಹೈಕೋರ್ಟ್ ಅವುಗಳಿಗೆ ಬೀಗ ಹಾಕಿಸಬೇಕಾಯಿತು. ನಮ್ಮ ಹಂಡೆಯ ಉಳಿಕೆ ನೀರನ್ನೂ ಹಾಗೇ ಬಯಲಿಗೆ ಬಿಡಬಾರದು. ನಾವು ಅದೇ ರಸವನ್ನು ತೆಳು ಛಾಯೆಗಳಿಗೆ ಮತ್ತೆ ಮತ್ತೆ ಬಳಸಿ, ಕೊನೆಗೆ ಸುಣ್ಣ ಹಾಕಿ ತಿಳಿಗೊಳಿಸುತ್ತೇವೆ. ಕೈಮಗ್ಗ, ಖಾದಿ, ಚಿಕ್ಕ ಪ್ರಮಾಣದ ಉಡುಪು ತಯಾರಕರು, ಕಲಂಕಾರಿ ಬರೆಯುವವರು, ಇವರಿಗೆ ಬೇಕಾಗುವಷ್ಟು ಬಣ್ಣ ಈ ಸಿಪ್ಪೆಯಿಂದ ಧಾರಾಳವಾಗಿ ಸಿಗುತ್ತದೆ.

ಗಿರಣಿಯವರು ಸೌದೆಯ ಮಾತೆತ್ತಿದರೆ ಅದಕ್ಕೂ ನನ್ನಲ್ಲಿ ಉತ್ತರವಿದೆ. ಬಣ್ಣ ತೆಗೆದ ಮೇಲೆ ಸಿಪ್ಪೆ ಎಲ್ಲಿಗೂ ಹೋಗುವುದಿಲ್ಲ. ನೀರಲ್ಲಿ ಕರಗುವ ಭಾಗ ಮಾತ್ರ ರಸಕ್ಕೆ ಇಳಿದಿರುತ್ತದೆ. ಉಳಿದ ಚರಟವನ್ನು ಎರಡು ಬಿಸಿಲು ಒಣಗಿಸಿದರೆ ಒಲೆಗೆ ಹಾಕಬಹುದು, ನಮ್ಮ ಹಂಡೆಯ ಕೆಳಗೆ ಉರಿಯುವುದರಲ್ಲಿ ಬಹುಪಾಲು ಅದೇ. ಮೊದಲು ಬಣ್ಣ, ಆಮೇಲೆ ಬೆಂಕಿ. ಇಂದು ನಾವು ಬೆಂಕಿಯೊಂದನ್ನೇ ಪಡೆಯುತ್ತಿದ್ದೇವೆ.

ಸಿಪ್ಪೆ ಹಗುರ, ಜಾಗ ತಿನ್ನುವ ಸರಕು. ಲಾರಿಯಲ್ಲಿ ದೂರ ಸಾಗಿಸಿದರೆ ಬಾಡಿಗೆಗೇ ಸಾಲದು. ಆದ್ದರಿಂದ ರಸ ತೆಗೆಯುವ ಕೆಲಸ ಗಿರಣಿಯ ಪಕ್ಕದಲ್ಲೇ ಆಗಬೇಕು. ಬಿಸಿನೀರು, ಸೋಸುವ ವ್ಯವಸ್ಥೆ, ರಸವನ್ನು ಗಟ್ಟಿಯಾಗಿಸಿ ಪುಡಿ ಮಾಡುವ ಯಂತ್ರ, ಇಷ್ಟಿದ್ದರೆ ಒಂದು ಕೋಣೆಯಷ್ಟು ಸರಕು ಕೆಲವು ಡಬ್ಬಿಗಳಿಗೆ ಇಳಿಯುತ್ತದೆ, ವರ್ಷವಿಡೀ ಕೆಡದೆ ಇರುತ್ತದೆ. ಹಂಗಾಮಿನಲ್ಲಿ ಹುಣಸೆ ಕುಟ್ಟಿ, ಉಳಿದ ತಿಂಗಳು ಕೂಲಿಗೆ ಬೇರೆ ಊರಿಗೆ ಹೋಗುವ ಹೆಂಗಸರ ಸ್ವಸಹಾಯ ಸಂಘಗಳಿಗೆ ಈ ಘಟಕ ನಡೆಸುವ ಮೊದಲ ಹಕ್ಕು ಸಿಗಬೇಕು. ಬೀಜ ಬಿಡಿಸುವಾಗ ಹುಳಿಗೆ ಬಿರುಕು ಬಿಟ್ಟು ಉರಿಯುವ ಬೆರಳುಗಳು ಅವರವು. ಸಿಪ್ಪೆಗೆ ಹುಟ್ಟುವ ಹೊಸ ಬೆಲೆ ಮತ್ತೆ ಮಧ್ಯವರ್ತಿಗಳ ಜೇಬಿಗೆ ಹೋಗುವುದಾದರೆ ನನಗೆ ಈ ವಾದ ಮಾಡುವ ಉಮೇದು ಇಲ್ಲ.

ದರ ಹುಟ್ಟಬೇಕಾದರೆ ದರ್ಜೆ ಗೊತ್ತಾಗಬೇಕು. ತುಮಕೂರು, ಚಿಂತಾಮಣಿಯಂಥ ದೊಡ್ಡ ಹುಣಸೆ ಮಾರುಕಟ್ಟೆಗಳ ಎಪಿಎಂಸಿಗಳು ಹಣ್ಣಿಗೆ ಮಾಡುವಂತೆ ಸಿಪ್ಪೆಗೂ ಎರಡೇ ಎರಡು ದರ್ಜೆ ಮಾಡಿದರೆ ಸಾಕು: ಸೀಯದ, ನೆನೆಯದ, ಮರಳಿಲ್ಲದ ಸಿಪ್ಪೆ ಒಂದು, ಮಿಕ್ಕಿದ್ದು ಇನ್ನೊಂದು. ಕೈಮಗ್ಗ ಮತ್ತು ಜವಳಿ ಇಲಾಖೆ ತಾನು ಕೊಳ್ಳುವ ಬಟ್ಟೆಯಲ್ಲಿ ಒಂದು ಪಾಲನ್ನಾದರೂ ಸಸ್ಯಜನ್ಯ ಬಣ್ಣದ್ದಕ್ಕೆ ಮೀಸಲಿಟ್ಟರೆ ಗಿರಣಿಯವರು ಕೇಳುವ “ಕೊಳ್ಳೋರು ಯಾರಮ್ಮ” ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ. ಗಿರಣಿಯವರಲ್ಲಿ ನನ್ನ ಕೋರಿಕೆ ಇನ್ನೂ ಚಿಕ್ಕದು. ಈ ಹಂಗಾಮಿನಲ್ಲಿ ಸಿಪ್ಪೆ ಬೀಳುವ ಕಡೆ ಸಿಮೆಂಟಿನ ನೆಲ, ಮೇಲೊಂದು ತಗಡಿನ ಚಾವಣಿ ಹಾಕಿಸಿ. ಹುರಿಯುವವರಿಗೆ ಬೀಜ ಸೀಯದಂತೆ ನೋಡಿಕೊಳ್ಳಲು ಹೇಳಿ, ಬೇಳೆಯ ಹಿಟ್ಟೂ ಅದರಿಂದ ಹೆಚ್ಚು ಬೆಳ್ಳಗೆ ಬರುತ್ತದೆ, ನಿಮಗೂ ಒಳ್ಳೆಯ ದರ ಸಿಗುತ್ತದೆ. ಮಳೆಗಾಲಕ್ಕೆ ಮೊದಲು ಚೀಲಕ್ಕೆ ತುಂಬಿಸಿಡಿ. ತುಮಕೂರು ಸುತ್ತಿನ ಬಣ್ಣದವರು, ನೇಕಾರರ ಸಂಘದವರು ಒಟ್ಟಾಗಿ ಬಂದು ತೂಕ ಹಾಕಿಸಿ, ರೊಕ್ಕ ಎಣಿಸಿಕೊಟ್ಟು ಎತ್ತಿಕೊಂಡು ಹೋಗುತ್ತೇವೆ.